ಕುರಿ ಮಲಗದ ನೆಲ

ಮಾಘದ ಚಳಿ ಇನ್ನೂ ನೆಲ ಬಿಟ್ಟಿರಲಿಲ್ಲ. ಗುಡ್ಡದ ಮೇಲಿನ ಹೊಲಗಳಲ್ಲಿ ತೊಗರಿ ಕಟಾವಾಗಿ ಬರೀ ಕೂಳೆ ನಿಂತಿತ್ತು. ಕೆಳಗಿನ ಎರೆಮಣ್ಣಿನ ಹೊಲಗಳಲ್ಲಿ ಬಿಳಿಜೋಳದ ತೆನೆ ಹಾಲು ತುಂಬಿಕೊಂಡು ತೂಗುತ್ತಿತ್ತು. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ಮೊದಲ ಬಸ್ಸು ಇಳುಕಲಿನಲ್ಲಿ ಹಾರ್ನು ಹೊಡೆಯುವ ಹೊತ್ತಿಗೆ ಯಮನೂರಮ್ಮ ಹಾಲು ಕರೆದು, ಬುಟ್ಟಿಯಡಿ ಮುಚ್ಚಿಟ್ಟ ಎಳೆಮರಿಗಳನ್ನು ತಾಯಂದಿರ ಕೆಳಗೆ ಬಿಟ್ಟು, ಕುರಿ ತರುಬಿದ ಬಲೆಯ ಗೂಟಗಳನ್ನು ಒಂದೊಂದಾಗಿ ಕೀಳುತ್ತಿದ್ದಳು.

ಕಟಾವಾದ ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ಹಿಕ್ಕಿ, ಗಂಜಲ ಬಿದ್ದು ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ. ಅದಕ್ಕೆ ಹೊಲದವರು ಒಂದಿಷ್ಟು ಜೋಳ ಕೊಡುತ್ತಾರೆ, ದಿನಾ ಮುಂಜಾನೆ ಬುತ್ತಿ ಕಟ್ಟುತ್ತಾರೆ. ಆದರೆ ಯಮನೂರಮ್ಮ ಅಮರಗುಂಡಪ್ಪ ಸಾಹುಕಾರರ ಈ ಸುಣ್ಣಗುಡ್ಡದ ಹೊಲಕ್ಕೆ ಜೋಳದ ಆಸೆಗೆ ಬಂದವಳಲ್ಲ. ಸೀಗಿ ಹುಣ್ಣಿಮೆಯ ಮರುದಿನ ಈ ಗುಡ್ಡದ ಹೊಟ್ಟೆಯೊಳಗಿನ ಗವಿಯಿಂದ ಮಗ ಹುಲಿಗೇಶನ ಹೆಣ ಹೊರಗೆ ಬಂದಾಗಿನಿಂದ ಅವಳು ಬೇಟೆಯಲ್ಲಿದ್ದಳು.

ಗವಿಯ ಕೆಟ್ಟ ಗಾಳಿ ಕುಡಿದು ಸತ್ತ ಎಂದು ಸ್ಟೇಷನ್ನಿನ ಕಾಗದದಲ್ಲಿ ಬರೆದಿತ್ತು. ಆ ಕೆಟ್ಟ ಗಾಳಿ ಗವಿಗೆ ಎಲ್ಲಿಂದ ಬಂತು ಎಂದು ಯಾರೂ ಬರೆದಿರಲಿಲ್ಲ.

ನೀರಿನ ದೇವಿ ಗಂಗವ್ವನ ಈ ಗವಿಯಲ್ಲಿ ಕೆಟ್ಟ ಗಾಳಿ ಎಂದರೆ ಕುರಿಕಾಯುವವರು ನಂಬುವುದಿಲ್ಲ. ಆ ಗವಿ ಉಸಿರಾಡುತ್ತಿತ್ತು. ಬುಡದಲ್ಲಿ ಒಂದು ಬಾಯಿ, ಗುಡ್ಡದ ನೆತ್ತಿಯ ಹೊಲದಲ್ಲಿ ಆಳು ಇಳಿಯುವಷ್ಟು ಅಗಲದ ಒಂದು ಕಿಂಡಿ. ಎರಡರ ನಡುವೆ ವರ್ಷದ ಮುನ್ನೂರರವತ್ತೈದು ದಿನವೂ ಗಾಳಿ ಓಡಾಡುತ್ತಿತ್ತು. ಅದಕ್ಕೇ ನೆತ್ತಿಯದನ್ನು ಉಸುರುಗಿಂಡಿ ಎನ್ನುತ್ತಿದ್ದರು. ಒಳಗೆ ಸುಣ್ಣಗಲ್ಲಿನ ಮಾಡಿನಿಂದ ಕಲ್ಲಿನ ಮೊಲೆಗಳು ಇಳಿಬಿದ್ದು, ತುದಿಯಿಂದ ತೊಟ್ಟು ತೊಟ್ಟಾಗಿ ನೀರು ಜಿನುಗಿ, ಬುಡದ ಬಾಯಲ್ಲಿ ಸೆಲೆಯಾಗಿ ಹರಿಯುತ್ತಿತ್ತು. ಯಮನೂರಮ್ಮನ ಅಜ್ಜಿ ಕೈ ಎಟುಕಿಸಿ ಅಳೆದಿದ್ದ ಕಲ್ಲುಮೊಲೆ ಯಮನೂರಮ್ಮನ ಕಾಲಕ್ಕೆ ಒಂದು ಬೆರಳು ಉದ್ದವೂ ಬೆಳೆದಿರಲಿಲ್ಲ. ಅಂಥದ್ದು ಹೋದ ಶ್ರಾವಣ, ಭಾದ್ರಪದದ ಎರಡೇ ತಿಂಗಳಿಗೆ ಕಪ್ಪಾಯಿತು. ಸೆಲೆಯ ನೀರು ಸುಟ್ಟ ಟೈರಿನ ವಾಸನೆ ಹೊಡೆಯಿತು. ಬಾವಲಿಗಳು ಉದುರಿದವು. ಆ ನೀರು ಕುಡಿದ ಇಪ್ಪತ್ತಮೂರು ಕುರಿ ಒಂದೇ ದಿನ ಕಾಲು ಚಾಚಿದವು.

ಸಿಂಧನೂರು ರಸ್ತೆಯಲ್ಲಿ ಹಳೇ ಟೈರು ಬೇಯಿಸಿ ಎಣ್ಣೆ ತೆಗೆಯುವ ಕಾರ್ಖಾನೆ ಇತ್ತು. ಅದು ಸಾಹುಕಾರರ ಮಗ ವೀರೇಂದ್ರನದು. ಅದರ ಟ್ಯಾಂಕರು ಈ ಗುಡ್ಡ ಹತ್ತಿದ್ದನ್ನು ಹುಲಿಗೇಶ ಎರಡು ಸಲ ಕಂಡಿದ್ದ. ಹೊಲಸು ಎಲ್ಲಿಂದ ಇಳಿಯುತ್ತದೆಂದು ನೋಡುತ್ತೇನೆಂದು ಬುಡದ ಬಾಯಿಂದ ಗವಿ ಹೊಕ್ಕವನು ಹೊರಬರಲಿಲ್ಲ.

ಹೊಲಸು ನೆತ್ತಿಯ ಕಿಂಡಿಯಿಂದಲೇ ಇಳಿಯಬೇಕು. ಆದರೆ ಕಿಂಡಿ ಎಲ್ಲಿ? ಯಮನೂರಮ್ಮ ಸೂತಕ ಕಳೆದು ಗುಡ್ಡ ಹತ್ತಿದಾಗ ಒಡ್ಡು ಇರಲಿಲ್ಲ, ಬನ್ನಿಗಿಡ ಇರಲಿಲ್ಲ, ಗುರುತಿನ ಬಂಡೆ ಇರಲಿಲ್ಲ. ಜೆಸಿಬಿ ಹಚ್ಚಿ ಇಡೀ ಹೊಲವನ್ನು ರೊಟ್ಟಿ ತಟ್ಟಿದ ಹಾಗೆ ಮಟ್ಟ ಮಾಡಿದ್ದರು.

ಅದಕ್ಕೇ ಅವಳು ಕುರಿ ತಂದಳು. ದಿನಕ್ಕೊಂದು ಕಡೆ ಬಲೆ ಸರಿಸುತ್ತ, ಹೊಲವನ್ನು ತುಂಡು ತುಂಡಾಗಿ ಹುಡುಕಿದಳು. ಇಂದು ನಾಲ್ಕನೆಯ ಮುಂಜಾನೆ.

ಕೊನೆಯ ಗೂಟ ಕಿತ್ತು ಬೆನ್ನು ನೆಟ್ಟಗೆ ಮಾಡಿದವಳು ಹಾಗೆಯೇ ನಿಂತಳು.

ನೂರಾ ಎಂಬತ್ತು ಕುರಿ ಒತ್ತಾಗಿ ಮಲಗೆದ್ದ ನೆಲ ಹಿಕ್ಕಿಯಿಂದ ಕರ್ರಗಾಗಿತ್ತು. ನಟ್ಟನಡುವೆ ಮಾತ್ರ ಹಾಸುಗಂಬಳಿಯಷ್ಟು ಅಗಲದ ಒಂದು ದುಂಡನೆಯ ಜಾಗ ಮಣ್ಣಿನ ಬಣ್ಣಕ್ಕೇ ಇತ್ತು. ಒಂದು ಹಿಕ್ಕಿ ಇಲ್ಲ. ಒಂದು ಗೊರಸಿನ ಗುರುತಿಲ್ಲ. ಚಳಿಗೆ ಒಂದರ ಹೊಟ್ಟೆಗೆ ಒಂದು ಒತ್ತಿಕೊಂಡು ಮಲಗುವ ಕುರಿಗಳು ಅಷ್ಟು ನೆಲ ಬಿಟ್ಟು ಸುತ್ತ ಇಕ್ಕಟ್ಟಾಗಿ ಮಲಗಿದ್ದವು.

ಯಮನೂರಮ್ಮ ಮಂಡಿಯೂರಿ ಮೂಸಿದಳು. ಮನುಷ್ಯರ ಮೂಗಿಗೆ ಏನೂ ಹತ್ತಲಿಲ್ಲ. ಕುರಿಯ ಮೂಗಿಗೆ ಹತ್ತಿತ್ತು.

"ಇರುವಿಗೂಡು ಇರಬೇಕಕ್ಕಾ" ಎಂದ ಬೆನ್ನ ಹಿಂದೆ ತಮ್ಮ ಯಮನೂರಪ್ಪ.

ಅಕ್ಕ ತಮ್ಮ ಇಬ್ಬರೂ ಒಂದೇ ದೇವರಿಗೆ ಹರಕೆ ಹೊತ್ತು ಹುಟ್ಟಿದವರು. ಊರಿನವರು ದೊಡ್ಡ ಯಮನೂರ, ಸಣ್ಣ ಯಮನೂರ ಎಂದು ಚೇಷ್ಟೆ ಮಾಡುತ್ತಿದ್ದರು. ಅವ್ವ ಸತ್ತಾಗ ಅವನಿಗೆ ನಾಲ್ಕು ವರ್ಷ. ಟೊಂಕದ ಮೇಲೆ ಕೂರಿಸಿಕೊಂಡು ಸಾಕಿದವಳು ಅಕ್ಕ.

"ಇರುವಿ ಚಳಿಗಾಲದಾಗ ಮ್ಯಾಲ ಬರ್ತಾವೇನಲೇ?"

"ಏನರ ಇರ್ಲಿ. ನಾಳಿಗೆ ಬ್ಯಾರೆ ಹೊಲಕ್ಕ ಹೋಗೂಣು. ಇಲ್ಲಿ ಮೇವಿಲ್ಲ, ನೀರಿಲ್ಲ. ನಾಲ್ಕು ದಿನದಿಂದ ಅದನ್ನ ಹೇಳಾಕತ್ತೀನಿ." ಅವನು ಸುತ್ತಿದ ಬಲೆಯನ್ನು ಆ ದುಂಡನೆಯ ಜಾಗದ ಮೇಲೆಯೇ ಎಳೆದು ಹಾಕಿದ.

"ಕುರಿ ಹೊಡಕೊಂಡು ಹಳ್ಳದ ಕಡೆ ಇಳಿ. ಬುತ್ತಿ ನಾ ತರ್ತೀನಿ."

"ನೀ?"

"ಮರಿ ಒಂದು ಕುಂಟಾಕತ್ತೈತಿ. ನೋಡ್ತೀನಿ."

ಅವನು ಒಂದು ಗಳಿಗೆ ನಿಂತ. ಆಮೇಲೆ ಸಿಳ್ಳೆ ಹಾಕುತ್ತ ಹಿಂಡಿನ ಹಿಂದೆ ಇಳಿದು ಹೋದ.

ಯಮನೂರಮ್ಮ ಬಲೆ ಎಳೆದು ಬಿಸಾಕಿ ಸಲಿಕೆ ಹಾಕಿದಳು.

ಒಂದು ಮೊಳಕ್ಕೆ ಕೆಂಪುಮಣ್ಣು. ಎರಡು ಮೊಳಕ್ಕೆ ಜಲ್ಲಿ. ಮೂರನೆಯದಕ್ಕೆ ಸಲಿಕೆ ಚಪ್ಪಡಿಗೆ ತಾಗಿ ಠಣ್ಣೆಂದಿತು. ಚಪ್ಪಡಿಗಳ ಸಂದಿನಿಂದ ಬೆಚ್ಚನೆಯ ಗಾಳಿಯ ಎಳೆಯೊಂದು ಬಂದು ಅವಳ ಮುಖಕ್ಕೆ ತಾಗಿತು. ಈಗ ಮನುಷ್ಯರ ಮೂಗಿಗೂ ಹತ್ತಿತು. ಸುಟ್ಟ ಟೈರು.

"ಸಿಕ್ಕೆಲ್ಲೇ" ಎಂದಳು ಕಿಂಡಿಗೆ, ಮನುಷ್ಯರಿಗೆ ಹೇಳುವ ಹಾಗೆ.

ಆ ಸಂದಿನಲ್ಲೇ ಅದು ಇತ್ತು. ಗಂಟು ಕಟ್ಟಿದ ಹಸಿರು ಖಣ, ಅಂಚಿಗೆ ಅರಿಶಿನ ಬಣ್ಣದ ಪಟ್ಟಿ. ಮಣ್ಣು ಮೆತ್ತಿದ್ದರೂ ಬಣ್ಣ ಮಾಸಿರಲಿಲ್ಲ. ಬಿಚ್ಚಿದರೆ ಒಂದು ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಉತ್ತತ್ತಿ, ಅಡಿಕೆ. ಯಾರೋ ಹೆಣ್ಣುಮಗಳು ಉಡಿ ತುಂಬಿದ್ದಳು.

ಕಿಂಡಿ ಮುಚ್ಚಿದವನಿಗೆ ದಿಗಿಲಿರಲಿಲ್ಲ. ಅವನ ಮನೆಯವರಿಗೆ ಇತ್ತು.

ಯಮನೂರಮ್ಮ ಫೋನ್ ಮಾಡಿದ ಅರ್ಧ ಗಂಟೆಗೆ ಶಾಹೀನ್ ಸ್ಕೂಟಿ ಕೆಳಗೆ ಬಿಟ್ಟು ಏದುಸಿರು ಬಿಡುತ್ತ ಹತ್ತಿ ಬಂದಳು. ಮಸ್ಕಿ ಸ್ಟೇಷನ್ನಿನ ಕಾನ್‌ಸ್ಟೆಬಲ್. ಹುಲಿಗೇಶನ ಹೆಣದ ಪಂಚನಾಮೆಗೆ ಬಂದಿದ್ದವಳು. ಅಂದಿನಿಂದ ಆ ಕಾಗದದ ಮೇಲೆ ಅವಳಿಗೂ ನಂಬಿಕೆ ಇರಲಿಲ್ಲ. ಫೋಟೋ ಹೊಡೆದಳು, ಖಣದ ಗಂಟನ್ನು ಕವರಿಗೆ ಹಾಕಿದಳು.

"ಕಿಂಡಿ ಸಿಕ್ತು, ಹೊಲಸು ಸುರಿದದ್ದೂ ಸಿಕ್ತು. ಮಧ್ಯಾಹ್ನಕ್ಕ ಸಾಹೇಬ್ರನ್ನ, ಪರಿಸರ ಇಲಾಖೆಯವರನ್ನ ಕರಕೊಂಡು ಬರ್ತೀನಿ. ಆದ್ರ ಯಮನೂರಕ್ಕಾ, ಇದು ಗವಿ ಕೆಡಿಸಿದ ಕೇಸಾಗತೈತಿ. ಕೊಲೆ ಕೇಸಾಗೂದಿಲ್ಲ."

"ಯಾಕಾಗೂದಿಲ್ಲ? ಉಸುರು ಕಟ್ಟಿದ್ದಕ್ಕ ಹೊಲಸುಗಾಳಿ ಒಳಗ ನಿಂತಿತು. ನನ ಮಗ ಸತ್ತ."

"ಮುಚ್ಚಿದ್ದು ಯಾವತ್ತು? ಎರಡು ವರ್ಷದ ಹಿಂದನ ಮುಚ್ಚೀವಿ ಅಂತಾರ. ಹುಲಿಗೇಶ ಒಳಗ ಹೋದ ದಿನಾನ ಮುಚ್ಚ್ಯಾರ ಅಂತ ತೋರಿಸಬೇಕು. ಮಣ್ಣಿಗೇನು ಬಾಯಿ ಐತೇನು?"

ಯಮನೂರಮ್ಮ ಕೈಯ ಮಣ್ಣು ಝಾಡಿಸಿದಳು. "ನೀ ಕೆಳಗ ರಸ್ತಿಗೆ ಹೋಗಿ ನಿಂದ್ರು ನನ್ನವ್ವ. ನಾ ಬುತ್ತಿ ತರೂ ಹೊತ್ತಾತು."

"ಅಲ್ಲಿ ಜಗಳ ತೆಗೀಬ್ಯಾಡ. ಅವರು ಎಚ್ಚರಾಗತಾರ."

"ಜಗಳ ಯಾಕ ತೆಗೀಲಿ? ದಿನಾ ಉಣ್ಣೂ ಮನಿ."

ಶಾಹೀನ್ ಅವಳ ಮುಖ ನೋಡಿದಳು. ಆ ಮುಖದಲ್ಲಿ ನಗು ಇತ್ತು. ಅದೇ ಅವಳಿಗೆ ಸರಿ ಕಾಣಲಿಲ್ಲ. "ಅಕ್ಕಾ, ಈ ಗವಿ ಸೋಸಿ ತಿಳಿಯಾಗಬೇಕಂದ್ರ ಒಂದು ತಲಿಮಾರು ಬೇಕಂತ, ನೆಲ ಪರೀಕ್ಷೆ ಮಾಡವರು ಹೇಳ್ಯಾರ. ಸುಣ್ಣದ ಕಲ್ಲು ಜರಡಿ ಇದ್ದಂಗ. ಮ್ಯಾಲ ಹಾಕಿದ್ದೆಲ್ಲ ಕುಡೀತೈತಿ."

"ಕುಡೀಲಿ. ಹಾಕಿದವರಿಗೂ ಕುಡಸ್ತೀನಿ."

ಸಾಹುಕಾರರ ತೋಟದ ಮನೆಯ ಅಂಗಳದಲ್ಲಿ ಅವರ ಹೆಂಡತಿ ಶೇಖರಮ್ಮ ಮೊರ ಹಿಡಿದು ಹೊಸ ತೊಗರಿ ಹಸನು ಮಾಡುತ್ತಿದ್ದಳು. ಸಾಹುಕಾರರು ರಾಯಚೂರಿಗೆ ಹೋಗಿದ್ದರು, ವೀರೇಂದ್ರ ಕಾರ್ಖಾನೆಯಲ್ಲಿ. ಕಟ್ಟೆಯ ಮೇಲೆ ಬುತ್ತಿ ಗಂಟು ತಯಾರಿತ್ತು.

"ತಡಾ ಆತಲ್ಲ ಯಮನೂರವ್ವ. ರೊಟ್ಟಿ ಬಿರುಸಾಗ್ಯಾವ ನೋಡು."

"ನನ ಹಲ್ಲು ಗಟ್ಟಿ ಅದಾವ ಬಿಡ್ರಿ ಅವ್ವಾರ." ಯಮನೂರಮ್ಮ ಕಟ್ಟೆಯ ಕೆಳಗೆ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಂಡಳು. ಆಮೇಲೆ, ನೆನಪಾದವಳ ಹಾಗೆ, "ಹೊಲದಾಗ ಒಂದು ಉಡಿಗಂಟು ಸಿಕ್ತರಿ. ಕುರಿ ಕೆದರಿದ್ವು. ಹಸರು ಖಣ. ದೇವರದು, ತುಳೀಬಾರದು ಅಂತ ಎತ್ತಿಟ್ಟೆ. ಯಾವ ಹಬ್ಬದ್ದರಿ ಅದು?"

ಮೊರ ನಿಂತಿತು. ಒಂದೇ ಗಳಿಗೆ. ಮತ್ತೆ ಆಡತೊಡಗಿತು.

"ಯಾವ ಹಬ್ಬದ್ದು ಅಂದ್ರ? ಸೀಗಿ ಹುಣ್ಣಿಮೀದು. ಭೂಮ್ತಾಯಿ ಬಸುರಿ ಇರ್ತಾಳಲ್ಲ, ಉಡಿ ತುಂಬೂದು ಪದ್ಧತಿ. ನಿಮ್ಮ ಮಂದ್ಯಾಗ ಮಾಡೂದಿಲ್ಲೇನು?"

"ಮಾಡ್ತೀವ್ರಿ. ಆದ್ರ ನೀವು ವರ್ಷಾ ಬನ್ನಿಗಿಡದ ಬುಡಕ ತುಂಬತಿದ್ರಿ."

"ಈ ವರ್ಷ ನಡು ಹೊಲದಾಗ ತುಂಬಿದ್ವಿ. ಗಿಡ ಎಲ್ಲೈತಿ? ಹುಡುಗ ಕಡಿಸ್ಯಾನ."

"ಈ ವರ್ಷದ್ದನ ಹೌದೇನ್ರಿ? ಹ್ವಾದ ವರ್ಷದ್ದೇನ ಮತ್ತ?"

"ಏ ಈ ವರ್ಷದ್ದು. ಮೊಮ್ಮಗಳ ತೊಟ್ಲಕ್ಕ ಇಳಕಲ್ಲಿನಿಂದ ತರಿಸಿದ ಖಣ ಅದು, ಅರಿಶಿಣದ ಅಂಚಿಂದು. ನಿನ್ನ ಸೊಸಿ ಮಹೇಶ್ವರಿಗೂ ಒಂದು ಕೊಟ್ಟೀನಲ್ಲ, ಶ್ರಾವಣದಾಗ." ತಾನು ಗೆದ್ದೆನೆಂಬಂತೆ ಶೇಖರಮ್ಮ ತೊಗರಿಯ ಕಸ ಹಾರಿಸಿದಳು.

ಅಂಗಳದ ಕೋಳಿ ಕಾಳಿಗೆ ಬಂದು ಹೋಯಿತು. ಹುಲಿಗೇಶ ಸಾಯುವ ಮೊದಲು ಅವನ ಹೆಂಡತಿ ಮಹೇಶ್ವರಿ ಆ ಖಣದಲ್ಲಿ ಹೊಲಿಸಿದ ಕುಪ್ಪಸವನ್ನು ಒಂದೇ ಸಲ ತೊಟ್ಟಿದ್ದಳು.

"ಅವ್ವಾರ" ಎಂದಳು ಯಮನೂರಮ್ಮ ನಿಧಾನವಾಗಿ, "ಆ ಗಂಟಿನ ಮ್ಯಾಲ ಮೂರು ಮೊಳ ಮಣ್ಣಿತ್ತು. ಜಲ್ಲಿ ಇತ್ತು. ಅದರ ಬುಡಕ ಚಪ್ಪಡಿ, ಚಪ್ಪಡಿ ಬುಡಕ ಉಸುರುಗಿಂಡಿ. ನೀವು ಉಡಿ ತುಂಬಿದ್ದು ಭೂಮ್ತಾಯಿಗಲ್ಲ. ಗಂಗವ್ವಗ."

ಶೇಖರಮ್ಮನ ಕೈಯಿಂದ ಮೊರ ಮೊಣಕಾಲ ಮೇಲೆ ಇಳಿಯಿತು.

"ಬಸುರಿ ಭೂಮಿಗೆ ಅವತ್ತು ಯಾರೂ ಕಬ್ಬಿಣ ಹಚ್ಚೂದಿಲ್ಲ. ನಿಮ್ಮ ಮಗ ಜೆಸಿಬಿ ಹಚ್ಚಿದ. ನೀವು ಹೆದರಿ ಉಡಿ ತುಂಬಿದ್ರಿ. ಸೀಗಿ ಹುಣ್ಣಿಮಿ ಮುಂಜಾನಿ ನನ ಮಗ ಬುಡದ ಬಾಯಿಂದ ಒಳಗ ಹೋಗ್ಯಾನ. ಊರಿಗೆಲ್ಲ ಗೊತ್ತೈತಿ. ಕಾಗದದಾಗೂ ಐತಿ. ಕಿಂಡಿ ಮುಚ್ಚಿದ ದಿನ ಯಾವುದು ಅಂತ ಪೊಲೀಸರಿಗೆ ಸಿಕ್ಕಿರಲಿಲ್ಲ. ಈಗ ನೀವು ಹೇಳಿದ್ರಿ."

"ನಾ ಏನ್ ಹೇಳೀನಿ? ನಾ ಹಬ್ಬದ ಮಾತಾಡೀನಿ."

ಯಮನೂರಮ್ಮ ಸೊಂಟದ ಚೀಲದಿಂದ ಬಾಟಲಿಯೊಂದನ್ನು ತೆಗೆದು ಕಟ್ಟೆಯ ಮೇಲೆ ಇಟ್ಟಳು. ಕರ್ರನೆಯ ನೀರು, ಮೇಲೆ ಎಣ್ಣೆಯ ಪದರು ಬಿಸಿಲಿಗೆ ನವಿಲುಬಣ್ಣ ಹೊಡೆಯುತ್ತಿತ್ತು.

"ಗವಿ ಸೆಲಿದು. ನಿಮ್ಮ ಮಗನ ಬಾಯಾಗ ಹಾಕಬೇಕಂತ ಮೂರು ತಿಂಗಳಿಂದ ಇಟಗೊಂಡೀನಿ. ಅಂವ ಸಿಗಲಿಲ್ಲ, ನೀವು ಸಿಕ್ಕೀರಿ. ಒಂದು ಗುಟುಕು ಕುಡೀರಿ, ಎದ್ದು ಹೋಗ್ತೀನಿ. ಇಲ್ಲಾ, ಅವತ್ತು ಆದದ್ದು ಹೇಳ್ರಿ."

"ಹೆದರಸ್ತೀ ಏನ್ ಬೇ? ನಮ್ಮ ಅಂಗಳದಾಗ ಕುಂತು?"

"ಹೆದರಿಕಿ ನಿಮಗ ಅವತ್ತನ ಆಗೈತಿ. ಇಲ್ಲಂದ್ರ ಉಡಿ ಯಾಕ ತುಂಬತಿದ್ರಿ?"

ಶೇಖರಮ್ಮ ಮನೆಯ ಬಾಗಿಲ ಕಡೆ ನೋಡಿದಳು. ಒಳಗೆ ಯಾರೂ ಇರಲಿಲ್ಲ. ಆ ಹೆಂಗಸು ಕೂಗಿ ಆಳುಗಳನ್ನು ಕರೆಯಬಹುದಿತ್ತು, ಕರೆಯಲಿಲ್ಲ. ಮೊರದಲ್ಲಿನ ತೊಗರಿಯನ್ನು ಬೆರಳಿನಿಂದ ಸುಮ್ಮನೆ ಅತ್ತಿಂದಿತ್ತ ಸರಿಸುತ್ತ ಕುಳಿತಳು. ಬಾಯಿಗೆ ಬಂದಾಗ ಮಾತು ತೀರ ಸಣ್ಣಗೆ ಬಂತು.

"ಮರುದಿನ ಯಾರೋ ಆಫೀಸರ್ರು ಬರಾವ್ರಿದ್ರಂತ. ಇವತ್ತ ಮುಚ್ಚಬೇಕು ಅಂದ ವೀರೇಂದ್ರ. ಇವತ್ತು ಬ್ಯಾಡೋ, ಹುಣ್ಣಿಮಿ ಐತಿ ಅಂದೆ. ಕೇಳಲಿಲ್ಲ. ಉಡೀನರ ತುಂಬತೀನಿ, ತಡಿ ಅಂದೆ. ಹುಂ ಅಂದು ಫೋನ್ ಬಂತಂತ ರಸ್ತಿಗೆ ಇಳಿದ. ನಾ ಬಗ್ಗಿ ಮೊದಲ ಚಪ್ಪಡಿ ಬದಿಗೆ ಗಂಟು ಇಟ್ಟೆ. ಕಿಂಡಿಯಿಂದ ಗಾಳಿ ಬಂದು ನನ್ನ ಸೆರಗು ಹಾರಿಸ್ತು." ಅವಳು ಸೆರಗನ್ನು ಈಗಲೂ ಹಾರೀತೆಂಬಂತೆ ಬಿಗಿಯಾಗಿ ಸುತ್ತಿಕೊಂಡಳು. "ಚಪ್ಪಡಿ ಎಲ್ಲಾ ಇಟ್ಟ ಮ್ಯಾಲ, ಮೊದಲ ಬಕೀಟು ಮಣ್ಣು ಬಿದ್ದ ಮ್ಯಾಲ ಕೇಳಿಸ್ತು."

"ಏನು?"

"ಕೇಳಬ್ಯಾಡ ಯಮನೂರವ್ವ."

"ಏನು ಕೇಳಿಸ್ತು?"

"ಮನಷ್ಯಾರ ಧ್ವನಿ. ಒಳಗಿಂದ."

ಯಮನೂರಮ್ಮನ ಕೈ ಕಟ್ಟೆಯ ಕಲ್ಲನ್ನು ಹಿಡಿಯಿತು. ಮೂರು ತಿಂಗಳು ಅವಳು ರಾತ್ರಿ ಹಗಲು ಎಣಿಸಿದ್ದ ಸೇಡಿನಲ್ಲಿ ಈ ಧ್ವನಿ ಇರಲಿಲ್ಲ. ಮಗ ಉಸಿರು ಕಟ್ಟಿ ಮಲಗಿದಲ್ಲೇ ಹೋದ ಎಂದುಕೊಂಡಿದ್ದಳು. ನಿದ್ದೆಯ ಹಾಗೆ ಹೋದ ಎಂದು ತಮ್ಮ ಹೇಳಿದ್ದ. ಅಗ್ನಿಶಾಮಕದವರು ಗಾಳಿಗೆ ಹೆದರಿ ಬಾಯಲ್ಲೇ ನಿಂತಾಗ, ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ಒಬ್ಬನೇ ಒಳಗಿಳಿದು ಹೆಣ ಹೊತ್ತು ತಂದವನು ಅವನೇ. ನೀರಿನ ಪಕ್ಕ ಬಿದ್ದಿದ್ದ ಅಂದಿದ್ದ.

"ಕಿಂಡಿ ಬುಡಕ ಇದ್ನೇನು ಅಂವ?"

"ಬುಡಕನ ಇದ್ದ. ಅಷ್ಟು ಹತ್ತಿರ ಕೇಳಿಸ್ತು."

"ಡ್ರೈವರಗ ಹೇಳಲಿಲ್ಲೇನು ನೀವು?"

"ಅಂವನ ಕಿವ್ಯಾಗ ಹಾಡಿತ್ತು. ಅಂಚಿಗೆ ಇನ್ನೊಬ್ಬ ನಿಂತು ಇಲ್ಲಿ ಹಾಕು, ಅಲ್ಲಿ ಹಾಕು ಅಂತ ಒದರತಿದ್ದ. ಕಿಂಡಿ ಎಲ್ಲೈತಿ ಅಂತ ರೊಕ್ಕಕ್ಕ ನಮ್ಮ ಹುಡುಗಗ ಮೊದಲ ತೋರಿಸಿದಾಂವ. ಅಂವಗ ಹೇಳಿದೆ, ಒಳಗ ಯಾರೋ ಒದರಾಕತ್ತಾರೋ ಅಂತ. ಅಂವಗೂ ಕೇಳಿಸಿತ್ತು. ಮುಖ ನೋಡಿದ್ರ ತಿಳೀತಿತ್ತು. 'ಗೂಗಿ ಕೂಗತೈತ್ರಿ ಅವ್ವಾರ' ಅಂದ. ಅಂದು ಡ್ರೈವರಗ ಕೈ ಬೀಸಿದ, ಹಾಕು ಅಂತ."

"ಗೂಗಿ ಏನಂತ ಕೂಗಿತು?"

ಶೇಖರಮ್ಮ ಅಳುತ್ತಿದ್ದಳು. ಅಳುವಿನಲ್ಲೂ ಅವಳ ಕಣ್ಣು ಯಮನೂರಮ್ಮನನ್ನು ದಾಟಿ ಹಿಂದಿನ ಬೇಲಿಯ ಬಾಗಿಲಿಗೆ ಹೋಗಿ ನಿಂತಿತು, ಅಲ್ಲಿಂದ ಕದಲಲಿಲ್ಲ.

"ಮಾವಾ, ಅಂತು. ಮಾವಾ, ಮಣ್ಣು ಬೀಳಾಕತ್ತೈತಿ, ನಿಲ್ಲಸು ಅಂತು."

ಹುಲಿಗೇಶನಿಗೆ ಇದ್ದವನು ಒಬ್ಬನೇ ಸೋದರಮಾವ.

ಯಮನೂರಮ್ಮ ತಿರುಗಿದಳು. ಬೇಲಿಯ ಬಾಗಿಲಲ್ಲಿ ಯಮನೂರಪ್ಪ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಬುತ್ತಿ ತಡಾ ಆತಲ್ಲಕ್ಕಾ" ಎಂದ. "ಅದಕ್ಕ ಬಂದೆ."

ಅವಳು ಎದ್ದು ಬುತ್ತಿ ಗಂಟು ತೆಗೆದುಕೊಂಡಳು. ತಮ್ಮನ ಪಕ್ಕದಿಂದಲೇ ದಾಟಿ ಹೊರಗೆ ನಡೆದಳು. ಅವನು ರಸ್ತೆಯವರೆಗೂ ಹಿಂದೆಯೇ ಬಂದ.

ಶಾಹೀನ್ ಸ್ಕೂಟಿಯ ಸೀಟಿನ ಮೇಲೆ ಕಾಗದ ಇಟ್ಟುಕೊಂಡು ಕಾಯುತ್ತಿದ್ದಳು. "ಏನರ ಸಿಕ್ತೇನಕ್ಕಾ?"

"ಸಿಕ್ತು. ಸೀಗಿ ಹುಣ್ಣಿಮಿ ದಿನಾನ ಮುಚ್ಚ್ಯಾರ. ಖಣ ಶ್ರಾವಣಕ್ಕ ಇಳಕಲ್ಲಿನಿಂದ ಬಂದದ್ದು. ಸಾಹುಕಾರ್ತಿ ಹೇಳ್ತಾಳ. ಈಗಿಂದೀಗ ಹೋಗಿ ಕೇಳು, ಮಗ ಬರೂಕಿಂತ ಮೊದಲ."

ಶಾಹೀನಳ ಪೆನ್ನು ಓಡಿತು. "ಹೆಸರು ಹೇಳು."

"ವೀರೇಂದ್ರ. ಅಮರಗುಂಡಪ್ಪನ ಮಗ."

"ಮತ್ತ ಯಾರು?"

ಯಮನೂರಪ್ಪ ರಸ್ತೆಯ ಆಚೆ ನೋಡುತ್ತಿದ್ದ. ಅವನ ಕೊರಳ ನರ ಹೊಡೆದುಕೊಳ್ಳುತ್ತಿದ್ದುದು ಅವಳಿಗೆ ಕಾಣಿಸಿತು. ಜ್ವರ ಬಂದ ರಾತ್ರಿಗಳಲ್ಲಿ ಅದೇ ಜಾಗಕ್ಕೆ ಬೆರಳಿಟ್ಟು, ಹೊಡೆದುಕೊಳ್ಳುತ್ತಿದೆಯೋ ಇಲ್ಲವೋ ಎಂದು ನೋಡಿ ಸಾಕಿದ್ದಳು.

"ಇನ್ನೊಂದು ಹೆಸರಿಗೆ ಜಾಗ ಬಿಡು" ಎಂದಳು. "ಖಾಲಿ ಇರ್ಲಿ. ಆ ಋಣ ಕಾಗದದಾಗ ತೀರೂದಲ್ಲ."

"ಅಕ್ಕಾ, ಹಂಗ ಬಿಡಾಕ ಬರೂದಿಲ್ಲ. ಗೊತ್ತಿದ್ರ ಹೇಳು."

"ಹೊತ್ತು ಮುಣಗೂದ್ರಾಗ ಹೇಳ್ತೀನಿ. ನೀ ಹೋಗು, ಸಾಹುಕಾರ್ತಿ ಬಾಯಿ ಆರಬಾರದು."

ಸ್ಕೂಟಿ ತೋಟದ ಮನೆಯ ಕಡೆ ತಿರುಗಿತು, ಧೂಳು ಎದ್ದು ಕುಳಿತಿತು. ಯಮನೂರಮ್ಮ ಬುತ್ತಿ ಗಂಟನ್ನು ರಸ್ತೆಯ ಬದಿಯ ಕಲ್ಲಿನ ಮೇಲೆ ಇಟ್ಟು, ಗವಿಯ ಕಾಲುದಾರಿಗೆ ಕಾಲು ಹಾಕಿದಳು. ನೆತ್ತಿಯ ಚಪ್ಪಡಿಗಳನ್ನು ಇನ್ನೂ ಯಾರೂ ಎತ್ತಿರಲಿಲ್ಲ, ಆ ಕೆಟ್ಟ ಗಾಳಿ ಗವಿಯೊಳಗೆ ಇನ್ನೂ ನಿಂತೇ ಇತ್ತು.

"ಕುರಿ ಆ ಕಡೆ ಇಲ್ಲಕ್ಕಾ" ಎಂದ ಯಮನೂರಪ್ಪ.

"ಗೊತ್ತೈತಿ. ನೀ ಮುಂದ ನಡಿ ತಮ್ಮಾ. ಹುಲಿಗೇಶ ಬಿದ್ದಿದ್ದ ಜಾಗ ನಾ ನೋಡೇ ಇಲ್ಲ. ಒಳಗ ಇಳಿದು ತೋರಸು."